ಆಂಪ್ಲಿಫೈಯರ್ ಬದಲಿಸುವ ಮುಂಚೆ, ಹೊರದೇಶದಿಂದ ತರಿಸುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ. ಮಗ ಜಪಾನಿನಲ್ಲಿದ್ದಾನೆ, ತಮ್ಮ ಸಿಂಗಪುರದಿಂದ ಬರುತ್ತಿದ್ದಾನೆ, ಅಲ್ಲಿಂದ ಒಂದು ಒಳ್ಳೆ ಆಂಪ್ಲಿಫೈಯರ್ ತರಿಸಲೇ ಅನ್ನೋದು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದನ್ನೇ ತೆಗೆದುಕೊಂಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬೆಲೆ ನೋಡುವ ಮುಂಚೆ ಆಂಪ್ಲಿಫೈಯರ್ ಹಿಂಭಾಗದಲ್ಲಿ ಬರೆದಿರುವ ವೋಲ್ಟೇಜ್ ನೋಡಿ. ಅದಕ್ಕೂ ಮುಂಚೆ, ನಿಮಗೆ ನಿಜವಾಗಿ ಹೊಸ ಆಂಪ್ಲಿಫೈಯರ್ ಬೇಕಾ ಅಂತ ನೋಡಿ.

ಪ್ರಶ್ನೆ: ಸರ್, ನನ್ನ ಹತ್ತಿರ 50 ವಾಟ್‌ನ ಇಂಟಿಗ್ರೇಟೆಡ್ ಆಂಪ್ಲಿಫೈಯರ್ (ವಾಲ್ಯೂಮ್ ಹತೋಟಿ, ಸ್ಪೀಕರ್ ಓಡಿಸುವ ಭಾಗ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು) ಇದೆ. ಸ್ಪೀಕರ್ ಬುಕ್‌ಶೆಲ್ಫ್, 86 ಡಿಬಿ (ಡೆಸಿಬೆಲ್, ಶಬ್ದದ ಜೋರಿನ ಅಳತೆ), 8 ಓಮ್. ಹಾಲ್ 14 ಅಡಿಗೆ 12 ಅಡಿ. ಸಂಗೀತ ಕಚೇರಿ ಹಾಕಿದಾಗ ಮೃದಂಗದ ತೊಪ್ಪಿಯ ಶಬ್ದ ಗುಂಯ್ ಅಂತ ಹರಡಿಕೊಳ್ಳುತ್ತೆ, ಬಿಗಿಯಾಗಿ ಬರಲ್ಲ. 150 ವಾಟ್‌ನದು ತರಿಸಿದರೆ ಸರಿಹೋಗುತ್ತಾ? (ಮೈಸೂರು)

ಉತ್ತರ: 50ರಿಂದ 150 ವಾಟ್‌ಗೆ ಹೋದರೆ ನಿಮಗೆ ಸಿಗೋದು 5 ಡಿಬಿಗಿಂತ ಸ್ವಲ್ಪ ಕಡಿಮೆ, ಅಷ್ಟೇ. ವಾಟ್ ಎರಡರಷ್ಟಾದರೆ 3 ಡಿಬಿ ಏರುತ್ತದೆ, ಹತ್ತರಷ್ಟಾದರೆ 10 ಡಿಬಿ. ಕಿವಿಗೆ ‘ಈಗ ಎರಡರಷ್ಟು ಜೋರಾಯ್ತು’ ಅನ್ನಿಸೋಕೆ ಸುಮಾರು 10 ಡಿಬಿ ಬೇಕು. ಆ ಲೆಕ್ಕಕ್ಕೆ ನೀವು 500 ವಾಟ್‌ಗೆ ಹೋಗಬೇಕಾಗುತ್ತದೆ.

ಆದರೆ ಈಗಿರುವ 50 ವಾಟ್‌ನಲ್ಲಿ ನೀವು ಎಷ್ಟು ಬಳಸುತ್ತಿದ್ದೀರಿ? ಇದನ್ನು ಊಹೆ ಮಾಡಬೇಕಿಲ್ಲ, ಸಾಧಾರಣ ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ಅಳೆಯಬಹುದು. ಮೊದಲು ನಿಮಗಿಷ್ಟವಾದ ಕಚೇರಿ ಹಾಕಿ, ಇದಕ್ಕಿಂತ ಜೋರು ನಾನು ಯಾವತ್ತೂ ಕೇಳಲ್ಲ ಅನ್ನುವ ಮಟ್ಟಕ್ಕೆ ವಾಲ್ಯೂಮ್ ಏರಿಸಿ. ನಾಬ್ ಮುಟ್ಟದೆ ಆಂಪ್ಲಿಫೈಯರ್ ಆಫ್ ಮಾಡಿ, ಸ್ಪೀಕರ್ ವೈರ್ ಬಿಚ್ಚಿ. ಈಗ ಮತ್ತೆ ಆನ್ ಮಾಡಿ, 100 ಹರ್ಟ್ಜ್‌ನ ಟೆಸ್ಟ್ ಟೋನ್ ಒಂದನ್ನು ಹಾಕಿ. ಅದನ್ನು ಗರಿಷ್ಠ ಮಟ್ಟಕ್ಕಿಂತ 12 ಡಿಬಿ ಕಡಿಮೆಗೆ ರೆಕಾರ್ಡ್ ಮಾಡಿರಬೇಕು. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡೆಯ ಸ್ಪೀಕರ್ ಟರ್ಮಿನಲ್‌ನಲ್ಲಿ ಅಳೆಯಿರಿ, ಎರಡು ಕಡ್ಡಿ ಒಂದಕ್ಕೊಂದು ತಾಗದಂತೆ. ಬಂದ ಅಂಕಿಯನ್ನು 4ರಿಂದ ಗುಣಿಸಿ. 2 ವೋಲ್ಟ್ ತೋರಿಸಿದರೆ 8 ವೋಲ್ಟ್ ಆಯಿತು. ಅದನ್ನು ಅದರಿಂದಲೇ ಗುಣಿಸಿದರೆ 64, ಅದನ್ನು 8 ಓಮ್‌ನಿಂದ ಭಾಗಿಸಿದರೆ 8 ವಾಟ್. ಅಂದರೆ ನಿಮ್ಮ ಅತಿ ಜೋರು ಕೇಳುವಿಕೆಯ ತುತ್ತತುದಿಯಲ್ಲೂ 8 ವಾಟ್ ಸಾಕು ಅಂತ ಅರ್ಥ. ಒಂದು ಎಚ್ಚರಿಕೆ, ವಾಲ್ವ್ (ಗಾಜಿನ ಟ್ಯೂಬ್) ಆಂಪ್ಲಿಫೈಯರ್‌ಗೆ ಈ ಪರೀಕ್ಷೆ ಮಾಡಲೇಬೇಡಿ. ಸ್ಪೀಕರ್ ಇಲ್ಲದೆ ಅದನ್ನು ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು.

ಇನ್ನು ಆ ಗುಂಯ್. ಅದು ಬಹುಪಾಲು ನಿಮ್ಮ ಹಾಲ್‌ನದು. 14 ಅಡಿ ಉದ್ದದ ಕೋಣೆ ಸುಮಾರು 40 ಹರ್ಟ್ಜ್‌ನಲ್ಲಿ ಮತ್ತು ಅದರ ಎರಡರಷ್ಟು 80ರಲ್ಲಿ ಅನುರಣಿಸುತ್ತದೆ, 12 ಅಡಿ ಅಗಲ 47 ಮತ್ತು 94ರಲ್ಲಿ. ತೊಪ್ಪಿಯ ದಪ್ಪ ನಾದ ಬರೋದು ಈ ಆಸುಪಾಸಿನಲ್ಲೇ. ಸ್ಪೀಕರ್ ಗೋಡೆಗೆ ಅಂಟಿಕೊಂಡು ಷೋಕೇಸ್ ಮೇಲೆ ಕೂತಿದ್ದರೆ ಇದು ಇನ್ನೂ ಜಾಸ್ತಿ. ಸ್ಟ್ಯಾಂಡ್ ಮೇಲಿಟ್ಟು ಗೋಡೆಯಿಂದ ಎರಡು ಅಡಿ ಮುಂದೆ ತನ್ನಿ, ನಿಮ್ಮ ಕುರ್ಚಿಯನ್ನೂ ಹಿಂದಿನ ಗೋಡೆಯಿಂದ ಎರಡು ಮೂರು ಅಡಿ ಈಚೆ ಎಳೆಯಿರಿ. ನೆಲ ಟೈಲ್ಸ್, ಗೋಡೆ ಬೋಳು ಇದ್ದರೆ ಮೇಲಿನ ಸ್ವರಗಳೂ ಕಿರಿಕಿರಿ ಅನ್ನಿಸುತ್ತವೆ. ಅದಕ್ಕೆ ಒಂದು ದಪ್ಪನೆಯ ಜಮಖಾನ ಹಾಸಿ, ಪುಸ್ತಕದ ಕಪಾಟು ಒಂದು ಗೋಡೆಗೆ ಇಡಿ. ಇಷ್ಟೆಲ್ಲ ಮಾಡಿ ಒಂದು ತಿಂಗಳು ಕೇಳಿ, ಆಮೇಲೆ ತರಿಸುವ ಯೋಚನೆ ಮಾಡಿದರಾಯ್ತು.

ಬದಲಿಸಲು ನಿಜವಾದ ಕಾರಣ ಒಂದಿರಬಹುದು. 8 ಓಮ್ ಅಂತ ಬರೆದ ಸ್ಪೀಕರ್ ಕೂಡ ಕೆಲವು ಸ್ವರಗಳಲ್ಲಿ 4 ಓಮ್‌ಗೋ ಅದಕ್ಕೂ ಕೆಳಗೋ ಇಳಿಯುತ್ತದೆ. ಅಲ್ಲಿ ಆಂಪ್ಲಿಫೈಯರ್ ಎಷ್ಟು ಕರೆಂಟ್ ಕೊಡಬಲ್ಲದು ಅನ್ನೋದು ಮುಖ್ಯ. ನಿಮ್ಮದರ 4 ಓಮ್ ಅಂಕಿ ನೋಡಿ. 8 ಓಮ್‌ಗೆ 50 ಇದ್ದದ್ದು 4 ಓಮ್‌ಗೆ 90, 100ರ ಹತ್ತಿರ ಹೋದರೆ ಪವರ್ ಸಪ್ಲೈ ಗಟ್ಟಿಯಾಗಿದೆ. 60ಕ್ಕೇ ನಿಂತರೆ, ಮತ್ತು ಸ್ಪೀಕರ್ ಕಷ್ಟದ್ದಾಗಿದ್ದರೆ, ಬದಲಿಸಿ.

ಪ್ರಶ್ನೆ: ಮಗ ಟೋಕಿಯೊದಲ್ಲಿದ್ದಾನೆ. ಅಕಿಹಬಾರದ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಲಕ್ಸ್‌ಮನ್, ಆಕ್ಯುಫೇಸ್ ಕಂಪನಿಗಳ ಆಂಪ್ಲಿಫೈಯರ್ ಎಲ್ಲ ಹೊಸದರಂತೆ ಇಟ್ಟಿರುತ್ತಾರಂತೆ, ಇಲ್ಲಿಗಿಂತ ಎಷ್ಟೋ ಕಡಿಮೆಗೆ. 100 ವೋಲ್ಟ್‌ನದು. ‘ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರಾಯ್ತು ಅಪ್ಪ’ ಅಂತಾನೆ. ನಿಜವೇ? (ಶಿವಮೊಗ್ಗ)

ಉತ್ತರ: ಅರ್ಧ ನಿಜ. ಉಳಿದರ್ಧ ಗೊತ್ತಿಲ್ಲದೆ ತಂದವರು ಆಮೇಲೆ ಕಷ್ಟಪಡುತ್ತಾರೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಒಳ್ಳೆಯ ಸುದ್ದಿ ಮೊದಲು. ಜಪಾನಿನಲ್ಲಿ ಟೋಕಿಯೊ ಕಡೆ 50 ಹರ್ಟ್ಜ್, ಒಸಾಕಾ ಕಡೆ 60 ಹರ್ಟ್ಜ್. ಒಂದೇ ದೇಶದಲ್ಲಿ ಎರಡೂ ಇರುವುದರಿಂದ ಅಲ್ಲಿನ ಆಂಪ್ಲಿಫೈಯರ್‌ಗಳನ್ನು ಎರಡಕ್ಕೂ ಹೊಂದುವಂತೆಯೇ ಮಾಡಿರುತ್ತಾರೆ. ಹಿಂಭಾಗದಲ್ಲಿ 50/60 ಅಂತ ಬರೆದೂ ಇರುತ್ತದೆ. ನಮ್ಮ 50 ಹರ್ಟ್ಜ್‌ನಿಂದ ಅದಕ್ಕೆ ತೊಂದರೆಯಿಲ್ಲ. ಸೆಕೆಂಡ್ ಹ್ಯಾಂಡ್ ಸಾಮಾನನ್ನು ಅವರು ಚೆನ್ನಾಗಿ ಇಟ್ಟುಕೊಳ್ಳುವುದೂ, ಗೀರು ಎಲ್ಲಿದೆ ಅಂತ ಚೀಟಿ ಬರೆದು ಅಂಟಿಸುವುದೂ ನಿಜ.

ತೊಂದರೆ ಇರೋದು 100 ವೋಲ್ಟ್‌ನಲ್ಲಿ. ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಟೆಪ್ ಡೌನ್‌ಗಳು ಸಾಮಾನ್ಯವಾಗಿ 230ನ್ನು 110ಕ್ಕೆ ಇಳಿಸುತ್ತವೆ. ಅಮೆರಿಕದ ಮಿಕ್ಸರ್, ಟ್ರಿಮ್ಮರ್ ಓಡಿಸುವವರಿಗೆ ಅಂತ ಮಾಡಿದ್ದು ಅವು. ನಿಮ್ಮ ಆಂಪ್ಲಿಫೈಯರ್‌ಗೆ ಅಲ್ಲೇ ಶೇ 10 ಜಾಸ್ತಿ ಆಯಿತು. ರಾತ್ರಿ ಹೊತ್ತು ಮನೆಯ ಕರೆಂಟ್ 250 ವೋಲ್ಟ್‌ಗೆ ಏರಿತು ಅಂದುಕೊಳ್ಳಿ, ಆಗ ಸ್ಟೆಪ್ ಡೌನ್‌ನಿಂದ ಬರೋದು ಹತ್ತಿರ ಹತ್ತಿರ 120. ಅಂದರೆ 100ಕ್ಕೆ ಅಂತ ಮಾಡಿದ್ದಕ್ಕೆ ಶೇ 20 ಹೆಚ್ಚು. ಮುಚ್ಚಳ ತೆಗೆದು ನೋಡಿದರೆ ಎರಡು ದೊಡ್ಡ ಡಬ್ಬಿಯಂಥ ಕೆಪಾಸಿಟರ್ ಕಾಣುತ್ತವೆ, ಅದರ ಮೈಮೇಲೆ 63 ವೋಲ್ಟ್ ಅಂತಲೋ 80 ವೋಲ್ಟ್ ಅಂತಲೋ ಅಚ್ಚು ಇರುತ್ತದೆ. 63ರದಕ್ಕೆ ಮಾಮೂಲಿಗೆ 55 ವೋಲ್ಟ್ ಬೀಳುತ್ತಿದ್ದರೆ, ಶೇ 20 ಏರಿದಾಗ 66. ಮಿತಿ ದಾಟಿತು. ಒಂದೇ ದಿನಕ್ಕೆ ಏನೂ ಆಗದಿರಬಹುದು, ಆದರೆ ಬಿಸಿ ಹೆಚ್ಚುತ್ತದೆ, ಟ್ರಾನ್ಸ್‌ಫಾರ್ಮರ್ ಗುನುಗೋಕೆ ಶುರು ಮಾಡುತ್ತದೆ, ಕೆಪಾಸಿಟರ್ ಬೇಗ ಸಾಯುತ್ತದೆ.

ಹಾಗಾಗಿ ತರುವುದೇ ಆದರೆ ಅಂಗಡಿಯ ರೆಡಿಮೇಡ್ ಸ್ಟೆಪ್ ಡೌನ್ ಬೇಡ. ಟ್ರಾನ್ಸ್‌ಫಾರ್ಮರ್ ಸುತ್ತುವವರ ಹತ್ತಿರ ಹೇಳಿ ಮಾಡಿಸಿ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ವಿಚಾರಿಸಿದರೆ ಅಂಥವರು ಸಿಗುತ್ತಾರೆ. ಅವರಿಗೆ ಹೀಗೆ ಬರೆದುಕೊಡಿ: ಇನ್‌ಪುಟ್‌ನಲ್ಲಿ 230 ಮತ್ತು 240ಕ್ಕೆ ಬೇರೆ ಬೇರೆ ಟ್ಯಾಪ್, ಔಟ್‌ಪುಟ್ 100 ವೋಲ್ಟ್, ಎರಡು ಸುತ್ತು ಪೂರ್ತಿ ಬೇರೆ ಇರಬೇಕು, ಆಟೋ ಟ್ರಾನ್ಸ್‌ಫಾರ್ಮರ್ ಬೇಡ. ಆಂಪ್ಲಿಫೈಯರ್ 300 ವಾಟ್ ಎಳೆಯುತ್ತದೆ ಅಂತ ಬರೆದಿದ್ದರೆ 1 ಕೆವಿಎ (ಸುಮಾರು 1,000 ವಾಟ್‌ನದು) ಹೇಳಿ, ಸರಿಯಾಗಿ 300ಕ್ಕೇ ಮಾಡಿಸಬೇಡಿ. ಮೃದಂಗದ ಒಂದು ಪೆಟ್ಟಿಗೆ ಅದು ಗಳಿಗೆ ಹೊತ್ತು ಬಹಳ ಜಾಸ್ತಿ ಎಳೆಯುತ್ತದೆ, ಟ್ರಾನ್ಸ್‌ಫಾರ್ಮರ್ ಚಿಕ್ಕದಾದರೆ ಆ ಪೆಟ್ಟೇ ಮೆತ್ತಗಾಗುತ್ತದೆ. ಅದರ ಮುಂದೆ ಒಂದು ಸ್ಟೆಬಿಲೈಸರ್ ಇರಲಿ.

ಇನ್ನೊಂದು ಅಪಾಯ ಯಾರೂ ಹೇಳಲ್ಲ. ಜಪಾನಿನ ಪ್ಲಗ್‌ಗೆ ಎರಡು ಚಪ್ಪಟೆ ಪಿನ್. ನಮ್ಮ ಗೋಡೆಯ ಸಾಕೆಟ್‌ಗೆ ಅದು ಹೋಗಲ್ಲ ನಿಜ, ಆದರೆ ಎಲ್ಲರ ಮನೆಯಲ್ಲೂ ಇರುವ ಎಲ್ಲ ಪಿನ್‌ಗೂ ಹೊಂದುವ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸಲೀಸಾಗಿ ಹೋಗುತ್ತದೆ. ಹಬ್ಬಕ್ಕೆ ಮನೆ ಗುಡಿಸುವಾಗ ಯಾರೋ ತೆಗೆದು, ಆಮೇಲೆ ಯಾರೋ ನೇರ 230ಕ್ಕೆ ಹಾಕಿದರು ಅಂದರೆ ಮುಗಿಯಿತು. ಪ್ಲಗ್‌ಗೆ ಕೆಂಪು ಟೇಪ್ ಸುತ್ತಿ, ‘100 ವೋಲ್ಟ್’ ಅಂತ ಕನ್ನಡದಲ್ಲೇ ಬರೆದು ಅಂಟಿಸಿ. ಮನೆಯವರಿಗೆಲ್ಲ ಹೇಳಿಡಿ.

ಕೊನೆಯದು ಸರ್ವಿಸ್. ಜಪಾನಿನ ಒಳಗೆ ಮಾರುವ ಮಾಡೆಲ್‌ಗೆ ಇಲ್ಲಿನ ಡೀಲರ್ ವ್ಯಾರಂಟಿ ಕೊಡುವುದಿಲ್ಲ, ದುಡ್ಡು ಕೊಡ್ತೀನಿ ಅಂದರೂ ಮುಟ್ಟೋಕೆ ಒಪ್ಪದಿರಬಹುದು. ಒಳಗಿನ ಟ್ರಾನ್ಸ್‌ಫಾರ್ಮರ್ ಬದಲಿಸಿ 230 ಮಾಡಿಸೋಣ ಅಂದರೆ ಆ ಬಿಡಿಭಾಗ ಹೊರಗಿನವರ ಕೈಗೆ ಸುಲಭಕ್ಕೆ ಬರಲ್ಲ. ನನ್ನ ಅಭಿಪ್ರಾಯ ಕೇಳಿದರೆ: ಇಲ್ಲಿನ ಬೆಲೆಯ ಅರ್ಧಕ್ಕಿಂತ ಕೆಳಗೆ ಸಿಕ್ಕರೆ, ನಿಮ್ಮೂರಿನಲ್ಲೋ ಹತ್ತಿರದಲ್ಲೋ ಸರ್ಕ್ಯೂಟ್ ಬಲ್ಲ ಒಬ್ಬ ಮೆಕ್ಯಾನಿಕ್ ಗೊತ್ತಿದ್ದರೆ, ತನ್ನಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಬಿಟ್ಟುಬಿಡಿ.

ಪ್ರಶ್ನೆ: ಅದೇ ಜಪಾನಿನಿಂದ ರೇಡಿಯೊ ಇರುವ ರಿಸೀವರ್ ತಂದರೆ? (ಉಡುಪಿ)

ಉತ್ತರ: ಎಲ್ಲ ಸ್ಟೇಷನ್ ಕೇಳುವ ಆಸೆ ಬಿಡಬೇಕು. ಅಲ್ಲಿನ ಎಫ್‌ಎಂ 76ರಿಂದ 95 ಮೆಗಾಹರ್ಟ್ಜ್. ನಮ್ಮದು 108ರವರೆಗೆ ಹೋಗುತ್ತದೆ. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3, ವಿವಿಧ ಭಾರತಿ 102.9, ಎರಡೂ ಅದರಲ್ಲಿ ಬರಲ್ಲ. ಅಮೆರಿಕದ ರಿಸೀವರ್‌ನಲ್ಲಿ ಎಫ್‌ಎಂ ಬರುತ್ತದೆ, ಆದರೆ ಅದರ ಎಎಂ (ಮೀಡಿಯಂ ವೇವ್) 10 ಕಿಲೋಹರ್ಟ್ಜ್ ಹೆಜ್ಜೆಯಲ್ಲಿ ನೆಗೆಯುತ್ತದೆ, ನಮ್ಮದು 9. ಬೆಂಗಳೂರು ಆಕಾಶವಾಣಿಯ 612 ಹಾಕಲು ಹೋದರೆ 610, 620 ಅಂತ ದಾಟಿ ಹೋಗುತ್ತದೆ. ಕೆಲವದರಲ್ಲಿ 9ಕ್ಕೆ ಬದಲಿಸುವ ಸ್ವಿಚ್ ಇರುತ್ತದೆ, ಕೇಳಿ ನೋಡಿ.

ಪ್ರಶ್ನೆ: ಸಿಂಗಪುರದಲ್ಲಿ ಆಂಪ್ಲಿಫೈಯರ್ ನೋಡಿದ್ದೇವೆ, ನಮ್ಮ ರೂಪಾಯಿಯಲ್ಲಿ 1,80,000. ನಾನು, ಹೆಂಡತಿ ಇಬ್ಬರೂ ಪ್ರವಾಸಕ್ಕೆ ಹೋಗುತ್ತಿದ್ದೇವೆ. ಡ್ಯೂಟಿ ಎಷ್ಟಾಗುತ್ತೆ? ಇಬ್ಬರ ಮಿತಿ ಸೇರಿಸಬಹುದಾ? ಬಾಕ್ಸ್ ಬಿಸಾಕಿ ಹಳೇದು ಅಂತ ಹೇಳಿದರೆ ನಡೆಯುತ್ತಾ? (ದಾವಣಗೆರೆ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ಹಾಗೆ ಮಾಡಬೇಡಿ. ಸಿಕ್ಕಿಬಿದ್ದರೆ ಸಾಮಾನು ಜಪ್ತಿ, ಮೇಲೆ ದಂಡ. ಅಲ್ಲದೆ ಈ ತೂಕದ ಪೆಟ್ಟಿಗೆ ಎಕ್ಸ್‌ರೇಯಲ್ಲಿ ಕಾಣದೆ ಹೋಗುವಂಥದ್ದೂ ಅಲ್ಲ. ಮತ್ತೆ, ಕಂಪನಿಯ ಬಾಕ್ಸ್ ಬಿಟ್ಟು ಬಟ್ಟೆ ಸುತ್ತಿ ತಂದರೆ ಟ್ರಾನ್ಸ್‌ಫಾರ್ಮರ್ ಭಾರಕ್ಕೆ ಚಾಸಿಸ್ ಬಾಗುತ್ತದೆ.

ಹಳೆಯ, 2016ರ ಬ್ಯಾಗೇಜ್ ನಿಯಮದ ಅಂಕಿ ಇಟ್ಟುಕೊಂಡು ಲೆಕ್ಕದ ರೀತಿ ಮಾತ್ರ ತೋರಿಸುತ್ತೇನೆ. ಅದರಲ್ಲಿ ಒಬ್ಬರಿಗೆ 50,000 ರೂಪಾಯಿವರೆಗೆ ಡ್ಯೂಟಿ ಇರಲಿಲ್ಲ, ಮೇಲಿನದಕ್ಕೆ ಶೇ 38.5 ಇತ್ತು. 1,80,000ದಲ್ಲಿ 50,000 ಕಳೆದರೆ 1,30,000, ಅದಕ್ಕೆ ಡ್ಯೂಟಿ 50,050 ರೂಪಾಯಿ. ಮಿತಿಯನ್ನೂ ದರವನ್ನೂ ಸರ್ಕಾರ ಬದಲಿಸುತ್ತಿರುತ್ತದೆ, ಹಾಗಾಗಿ ಟಿಕೆಟ್ ತೆಗೆಸುವಾಗಲೇ ಕಸ್ಟಮ್ಸ್‌ನ ಸಿಬಿಐಸಿ ಜಾಲತಾಣದಲ್ಲಿ ಆಗಿನ ಅಂಕಿ ನೋಡಿ ಇದೇ ರೀತಿ ಲೆಕ್ಕ ಹಾಕಿ. ಗಂಡ ಹೆಂಡತಿಯ ಮಿತಿ ಒಂದೇ ಸಾಮಾನಿಗೆ ಸೇರಿಸಲು ಬರುವುದಿಲ್ಲ. ಇಳಿದ ಮೇಲೆ ರೆಡ್ ಚಾನೆಲ್‌ಗೆ ಹೋಗಿ, ಬಿಲ್ ತೋರಿಸಿ, ದುಡ್ಡು ಕಟ್ಟಿ ರಸೀದಿ ಇಟ್ಟುಕೊಳ್ಳಿ. ಮುಂದೆ ಮಾರುವಾಗ ಆ ರಸೀದಿಗೆ ಬೆಲೆ ಇದೆ.

ಸಿಂಗಪುರದಲ್ಲಿ ನಿಮಗೆ ಎರಡು ಅನುಕೂಲ. ಅಲ್ಲೂ 230 ವೋಲ್ಟ್, 50 ಹರ್ಟ್ಜ್, ಪ್ಲಗ್ ಒಂದು ಬದಲಿಸಿದರೆ ಸಾಕು. ದುಬೈ, ಇಂಗ್ಲೆಂಡ್, ಯುರೋಪಿನಿಂದ ತಂದರೂ ವೋಲ್ಟೇಜ್ ತಲೆನೋವಿಲ್ಲ. ಎರಡನೆಯದು, ಅಲ್ಲಿ ಶೇ 9 ಜಿಎಸ್‌ಟಿ ಇದೆ, ಪ್ರವಾಸಿಗಳಿಗೆ ಅದರ ಹೆಚ್ಚಿನ ಪಾಲು ವಾಪಸ್ ಸಿಗುತ್ತದೆ. ಅಲ್ಲೇ ಕೆಲಸದಲ್ಲಿರುವ ಸಂಬಂಧಿಕರ ಹೆಸರಲ್ಲಿ ಬಿಲ್ ಮಾಡಿಸಿದರೆ ಸಿಗಲ್ಲ, ನಿಮ್ಮ ಪಾಸ್‌ಪೋರ್ಟ್ ತೋರಿಸಿಯೇ ಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಲಗೇಜ್ ಒಳಗೆ ಹಾಕುವ ಮೊದಲೇ ರೀಫಂಡ್ ಕೆಲಸ ಮುಗಿಸಿ, ಸಾಮಾನು ತೋರಿಸಿ ಅಂತ ಕೇಳಬಹುದು. ಲಂಡನ್‌ನಲ್ಲಿ ಈ ಸೌಲಭ್ಯ ಈಗ ಇಲ್ಲ, ಬ್ರಿಟನ್ ಅದನ್ನು 2021ರ ಜನವರಿಯಿಂದ ನಿಲ್ಲಿಸಿತು. ಅಲ್ಲಿ ಕೊಡುವ ಶೇ 20 ವ್ಯಾಟ್ ಹೋದಂತೆಯೇ.

ಸಿಂಗಪುರದ ಕೋಲ್‌ಮನ್ ಸ್ಟ್ರೀಟ್‌ನ ಅಡೆಲ್ಫಿ ಕಟ್ಟಡ ಹೈ-ಫೈ ಅಂಗಡಿಗಳಿಗೆ ಬಹಳ ಹಿಂದಿನಿಂದ ಹೆಸರಾದದ್ದು. ಕೊಳ್ಳದಿದ್ದರೂ ಹೋಗಿ ಕೂತು ಕೇಳಿ ಬನ್ನಿ, ನಿಮಗೆ ಗೊತ್ತಿರುವ ಹಾಡುಗಳನ್ನೇ ತೆಗೆದುಕೊಂಡು ಹೋಗಿ. ಇನ್ನು ತೂಕ. ಯಮಾಹಾದ ಎ-ಎಸ್3200 ಒಂದೇ 24.7 ಕೆ.ಜಿ., ಬಾಕ್ಸ್ ಸೇರಿಸದೆ. ಎಷ್ಟೋ ವಿಮಾನಗಳಲ್ಲಿ ಒಂದು ಪೆಟ್ಟಿಗೆಗೆ 23 ಕೆ.ಜಿ. ಮಿತಿ, 32 ದಾಟಿದರೆ ಲಗೇಜ್‌ನಲ್ಲಿ ತೆಗೆದುಕೊಳ್ಳುವುದೇ ಇಲ್ಲ. ಡ್ಯೂಟಿ, ಹೆಚ್ಚುವರಿ ತೂಕದ ಚಾರ್ಜು, ವ್ಯಾರಂಟಿ ಇಲ್ಲದ್ದು, ಎಲ್ಲ ಕೂಡಿಸಿ ಇಲ್ಲಿನ ಡೀಲರ್ ಹತ್ತಿರ ಚೌಕಾಸಿ ಮಾಡಿದ ಬೆಲೆಗೆ ಹೋಲಿಸಿ. ಎಂಆರ್‌ಪಿಗೆ ಹೋಲಿಸಬೇಡಿ. ಡೆಮೊ ಪೀಸ್ ಇದ್ದರೆ ಡೀಲರ್‌ಗಳು ಚೆನ್ನಾಗಿಯೇ ಇಳಿಸುತ್ತಾರೆ. ವ್ಯತ್ಯಾಸ ಮೂವತ್ತು, ನಲವತ್ತು ಸಾವಿರದೊಳಗೆ ಬಂದರೆ ಇಲ್ಲೇ ತೆಗೆದುಕೊಳ್ಳಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಹನ್ನೆರಡು ವರ್ಷ ಇದ್ದು ಬೆಂಗಳೂರಿಗೆ ವಾಪಸ್ ಬರ್ತಿದ್ದೇವೆ. ಅಮೆರಿಕದ ಪವರ್ ಆಂಪ್ (ಸ್ಪೀಕರ್ ಓಡಿಸುವ ಪೆಟ್ಟಿಗೆ), ವಾಲ್ವ್ ಪ್ರೀಆಂಪ್ (ಅದಕ್ಕೂ ಮುಂಚೆ ಬರುವ, ವಾಲ್ಯೂಮ್ ಇರುವ ಪೆಟ್ಟಿಗೆ), ಟರ್ನ್‌ಟೇಬಲ್ ಇವೆ. ತರಬೇಕಾ, ಮಾರಿ ಬರಬೇಕಾ? (ನ್ಯೂಜೆರ್ಸಿ)

ಉತ್ತರ: ಮೂರಕ್ಕೂ ಒಂದೇ ಉತ್ತರ ಇಲ್ಲ. ಈಗಲೇ ಕುಳಿತು ಕಂಪನಿಗೆ ಸೀರಿಯಲ್ ನಂಬರ್ ಸಮೇತ ಒಂದು ಇಮೇಲ್ ಬರೆಯಿರಿ, ಇದನ್ನು 230 ವೋಲ್ಟ್, 50 ಹರ್ಟ್ಜ್‌ಗೆ ಬದಲಿಸಬಹುದಾ ಅಂತ. ಕೆಲವು ಕಂಪನಿಗಳು ಎರಡೂ ವೋಲ್ಟೇಜ್‌ಗೆ ಆಗುವ ಟ್ರಾನ್ಸ್‌ಫಾರ್ಮರನ್ನೇ ಹಾಕಿರುತ್ತವೆ, ಒಳಗೆ ಎರಡು ತಂತಿ ಬದಲಿಸಿ ಫ್ಯೂಸ್ ಬದಲಿಸಿದರೆ ಆಯ್ತು. ಹಾಗಿದ್ದರೆ ಅಲ್ಲೇ ಅವರ ಸರ್ವಿಸ್ ಸೆಂಟರ್‌ನಲ್ಲಿ ಮಾಡಿಸಿಕೊಂಡು ಧಾರಾಳವಾಗಿ ತನ್ನಿ. 120 ವೋಲ್ಟ್ ಮಾತ್ರ ಅಂದರೆ 60 ಹರ್ಟ್ಜ್ ಬಗ್ಗೆಯೂ ಕೇಳಿ. 60ಕ್ಕೆ ಮಾತ್ರ ಲೆಕ್ಕ ಹಾಕಿ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಶೇ 20 ಹೆಚ್ಚು ಒತ್ತಡಕ್ಕೆ ಬೀಳುತ್ತದೆ, ಗುನುಗುತ್ತದೆ, ಕಾಯುತ್ತದೆ. ಸ್ಟೆಪ್ ಡೌನ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಜ್ ಬದಲಿಸುವುದಿಲ್ಲ. ಅಂಥದ್ದನ್ನು ಅಲ್ಲೇ ಮಾರಿಬಿಡಿ.

ಟರ್ನ್‌ಟೇಬಲ್‌ನಲ್ಲಿ ಎಸಿ ಸಿಂಕ್ರೊನಸ್ ಮೋಟಾರ್ ಇದ್ದರೆ ವೇಗ ಕರೆಂಟಿನ ಹರ್ಟ್ಜ್ ಮೇಲೆ ನಿಂತಿರುತ್ತದೆ. ನಿಮಿಷಕ್ಕೆ 33⅓ ಸುತ್ತಬೇಕಾದ ಎಲ್‌ಪಿ ಇಲ್ಲಿ 28ಕ್ಕೂ ಕಡಿಮೆ ಸುತ್ತುತ್ತದೆ, ಶ್ರುತಿಯೇ ಕೆಳಗಿಳಿಯುತ್ತದೆ. 50ರ ಪುಲ್ಲಿ ಸಿಗುತ್ತದಾ ಕೇಳಿ. ಡಿಸಿ ಮೋಟಾರ್ ಆದರೆ ಈ ಚಿಂತೆಯಿಲ್ಲ. ಪ್ರೀಆಂಪ್‌ನ ವಾಲ್ವ್‌ಗಳನ್ನು ಕಿತ್ತು, ಯಾವುದು ಯಾವ ಜಾಗದ್ದು ಅಂತ ಗುರುತು ಹಾಕಿ, ಬೇರೆ ಡಬ್ಬಿಯಲ್ಲಿ ಕೈಚೀಲದಲ್ಲೇ ತನ್ನಿ.

ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ನೆಲೆಸಲು ವಾಪಸ್ ಬರುವವರಿಗೆ, ಬಳಸಿದ ಮನೆ ಸಾಮಾನಿನ ಮೇಲೆ ಪ್ರತ್ಯೇಕ ರಿಯಾಯಿತಿ ಇದೆ. ಹಳೆಯ, 2016ರ ನಿಯಮದಲ್ಲಿ ಅದು 5 ಲಕ್ಷ ರೂಪಾಯಿವರೆಗೆ ಇತ್ತು, ಆ ಎರಡು ವರ್ಷದಲ್ಲಿ ಭಾರತಕ್ಕೆ ಬಂದುಹೋದ ದಿನಗಳು ಒಟ್ಟು ಆರು ತಿಂಗಳು ಮೀರಬಾರದು ಅನ್ನುವ ಷರತ್ತಿನ ಜೊತೆ. ಇದರ ಈಗಿನ ಮಿತಿಯನ್ನೂ ನೋಡಿಕೊಂಡು, ಪ್ರತಿ ಪೆಟ್ಟಿಗೆಯ ಹಳೇ ಬಿಲ್ ಹುಡುಕಿ ಇಟ್ಟುಕೊಳ್ಳಿ.

ಪ್ರಶ್ನೆ: ಕ್ಲಾಸ್ ಎ ಆಂಪ್ಲಿಫೈಯರ್ ತೆಗೆದುಕೊಳ್ಳಬೇಕು ಅಂತ ಬಹಳ ದಿನದ ಆಸೆ. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತೇ ಇದೆ. (ಕಲಬುರಗಿ)

ಉತ್ತರ: ಆಸೆ ಒಳ್ಳೆಯದೇ, ನಾದವೂ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಕ್ಲಾಸ್ ಎ ಅಂದರೆ ಹಾಡು ಇರಲಿ ಇಲ್ಲದಿರಲಿ ಪೂರ್ತಿ ಕರೆಂಟ್ ಎಳೆಯುತ್ತಲೇ ಇರುವಂಥದ್ದು. ಚಾನೆಲ್‌ಗೆ 25 ವಾಟ್ ಕೊಡುವ ಆಂಪ್ಲಿಫೈಯರ್ ಸುಮ್ನೆ ಕೂತಿದ್ದರೂ 200ರಿಂದ 250 ವಾಟ್ ತಿನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ ಕೇಳಿದರೆ ತಿಂಗಳಿಗೆ 30 ಯೂನಿಟ್ ಹತ್ತಿರ. ಬಿಲ್ ಹೇಗೋ ಕಟ್ಟಬಹುದು. ಮೇ ತಿಂಗಳಲ್ಲಿ ಮುಚ್ಚಿದ ಕೋಣೆಯಲ್ಲಿ ಅಷ್ಟು ಶಾಖ ಸೇರಿಸಿದರೆ ಎಸಿ ಹಾಕಲೇಬೇಕು, ಎಸಿ ಸದ್ದಿನಲ್ಲಿ ತಂಬೂರಿ ಕೇಳೋದು ಹೇಗೆ? ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಬಿಸಿಗೆ ಅರ್ಧ ಆಗುತ್ತದೆ ಅನ್ನೋದೂ ಲೆಕ್ಕಕ್ಕೆ ಬರಬೇಕು.

ನಿಮ್ಮ ಊರಿಗೆ ನಾನು ಹೇಳೋದು ಈಗಿನ ಕ್ಲಾಸ್ ಡಿ, ಅಂದರೆ ಬಹಳ ವೇಗವಾಗಿ ಆನ್-ಆಫ್ ಆಗುತ್ತ ಕೆಲಸ ಮಾಡುವ ಬಗೆ. ಹಿಂದೆ ಇದಕ್ಕೆ ಕೆಟ್ಟ ಹೆಸರಿತ್ತು, ಈಗ ಆ ಮಾತು ಹಳೆಯದು. ಬ್ರೂನೊ ಪುಟ್ಝೀಸ್ ಎಂಬ ಎಂಜಿನಿಯರ್ ಹೈಪೆಕ್ಸ್ ಕಂಪನಿಗೆ ಮಾಡಿದ ಎನ್‌ಕೋರ್ ಎಂಬ ಕ್ಲಾಸ್ ಡಿ ಮಾಡ್ಯೂಲ್, ಆಮೇಲೆ ಪ್ಯೂರಿಫೈ ಕಂಪನಿಯಲ್ಲಿ ಮಾಡಿದ್ದು, ಇವು ಬಂದ ಮೇಲೆ ಚಿತ್ರವೇ ಬದಲಾಗಿದೆ. ಎನ್‌ಎಡಿಯ ಸಿ 298ರಲ್ಲಿರೋದು ಪ್ಯೂರಿಫೈ ಮಾಡ್ಯೂಲ್. ಕ್ಲಾಸ್ ಡಿ ಹೆಚ್ಚು ಬಿಸಿಯಾಗುವುದಿಲ್ಲ. ಮನೆಯ ಯುಪಿಎಸ್ ಮೇಲೆ ಓಡಿಸುವುದಾದರೆ ಅದು ಸೈನ್ ವೇವ್‌ನದೇ ಇರಬೇಕು, ಚೌಕ ಅಲೆಯ ಹಳೇ ಇನ್ವರ್ಟರ್‌ನಲ್ಲಿ ಯಾವ ಆಂಪ್ಲಿಫೈಯರನ್ನೂ ಓಡಿಸಬೇಡಿ.

ಪ್ರಶ್ನೆ: ನನ್ನ ಹಳೇ ಇಂಟಿಗ್ರೇಟೆಡ್ ಇಟ್ಟುಕೊಂಡೇ ಪವರ್ ಆಂಪ್ ಒಂದನ್ನು ಸೇರಿಸಬಹುದಾ? (ಬೆಳಗಾವಿ)

ಉತ್ತರ: ಹಿಂಭಾಗದಲ್ಲಿ ‘ಪ್ರೀ ಔಟ್’ ಅಂತ ಎರಡು ಜಾಕ್ ಇದ್ದರೆ ಆಗುತ್ತದೆ, ಎಷ್ಟೋ ಜನಕ್ಕೆ ಇದೇ ಸರಿಯಾದ ದಾರಿ. ‘ಟೇಪ್ ಔಟ್’ ಅಂತ ಬರೆದದ್ದಕ್ಕೆ ಮಾತ್ರ ಹಾಕಬೇಡಿ. ಅಲ್ಲಿ ವಾಲ್ಯೂಮ್ ಹತೋಟಿ ಇರುವುದಿಲ್ಲ, ಪೂರ್ತಿ ಸಿಗ್ನಲ್ ನೇರ ಹೋಗಿ ಸ್ಪೀಕರ್ ಸುಟ್ಟೀತು. ಜೋಡಿಸಿದ ಮೇಲೆ ‘ಹುಂ’ ಅಂತ ಸದ್ದು ಬಂದರೆ ಕೇಬಲ್ ಟಿವಿಯ ವೈರ್ ಸೆಟ್‌ಟಾಪ್ ಬಾಕ್ಸ್‌ನಿಂದ ಬಿಚ್ಚಿ ನೋಡಿ. ಸದ್ದು ನಿಂತರೆ ಕಳ್ಳ ಅದೇ. ಇಲ್ಲದಿದ್ದರೆ ಎರಡೂ ಪೆಟ್ಟಿಗೆಗೆ ಒಂದೇ ಸಾಕೆಟ್ ಬೋರ್ಡಿನಿಂದ ಕರೆಂಟ್ ಕೊಡಿ. ಅರ್ತಿಂಗ್ ಪಿನ್ ಕತ್ತರಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ, ಅದು ಪ್ರಾಣಕ್ಕೇ ಅಪಾಯ. ಎಲೆಕ್ಟ್ರೀಷಿಯನ್ ಕರೆದು ಅರ್ತಿಂಗ್ ಸರಿ ಇದೆಯಾ ಅಂತ ಮೀಟರ್ ಇಟ್ಟು ನೋಡಿಸಿ.